ಒಂದೇ ಕಿವಿಗೆ ಇಷ್ಟೊಂದು ಹಾಡು: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಪತ್ರದ ಸಾರ:

ನಾನು ಕೊಡಗಿನ ನಾಪೋಕ್ಲು ಬಳಿಯ ಗೃಹಿಣಿ. ವಯಸ್ಸು 38. ಎಂಟನೆಯ ವಯಸ್ಸಿನಿಂದ ಏಳು ವರ್ಷ ಮಡಿಕೇರಿಯಲ್ಲಿ ಕರ್ನಾಟಕ ಸಂಗೀತ ಕಲಿತೆ. ಓದಲು ಬೆಂಗಳೂರಿಗೆ ಹೋದ ಮೇಲೆ ರಾಕ್ ಸಂಗೀತದ ಹುಚ್ಚು ಹಿಡಿಯಿತು. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡ ನುಡಿಸಿದಾಗ ಗುಂಪಿನ ನಡುವೆ ನಿಂತು ಗಂಟಲು ಬಿದ್ದುಹೋಗುವಷ್ಟು ಕೂಗಿದ್ದೇನೆ. ಈಗ ಬೆಳಿಗ್ಗೆ ಅಡುಗೆ ಮಾಡುವಾಗ ಮಲ್ಲಿಕಾರ್ಜುನ ಮನ್ಸೂರರ ವಚನ ಬೇಕು. ಮಧ್ಯಾಹ್ನ ಕಣದಲ್ಲಿ ಕಾಫಿ ಹರಡುವಾಗ ತೋಟದ ಕೆಲಸಗಾರರ ಲೈನ್ ಮನೆಗಳ ಕಡೆಯಿಂದ ತೇಲಿ ಬರುವ ಹಳೆಯ ತಮಿಳು ಹಾಡಿಗೆ ಕಿವಿಗೊಡುತ್ತೇನೆ. ಮಳೆಗಾಲದ ರಾತ್ರಿ ಗಜಲ್. ಮದುವೆ ಮನೆಯಲ್ಲಿ ವಾಲಗದ ಸದ್ದು ಎದ್ದರೆ ಕಾಲು ನಿಲ್ಲುವುದಿಲ್ಲ. ಈಚೆಗೆ ನನಗೆ ಪಾಠ ಹೇಳಿದ ಗುರುಗಳನ್ನು ಕಂಡಾಗ ಇದನ್ನೆಲ್ಲ ಸಂತೋಷದಿಂದ ಹೇಳಿಕೊಂಡೆ. ‘ಅದಕ್ಕೇ ನಿನಗೆ ಯಾವುದೂ ದಕ್ಕಲಿಲ್ಲ’ ಎಂದರು. ಅದೇ ವಾರ ಹದಿಮೂರು ವರ್ಷದ ಮಗಳು, ‘ಅಮ್ಮಾ, ಇಷ್ಟೆಲ್ಲ ಕೇಳುತ್ತೀಯಲ್ಲ, ನಿನ್ನದು ಎನ್ನುವ ಒಂದು ಹಾಡು ಹೇಳು’ ಎಂದಳು. ಹೇಳಲಾಗಲಿಲ್ಲ. ತೀರಿಹೋದ ನನ್ನ ಅಪ್ಪ ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ಹಾಡುತ್ತಿದ್ದರು. ಆ ಹಾಡಿನ ನಾಲ್ಕು ಸಾಲು ಕೂಡ ನನಗೆ ಪೂರ್ತಿಯಾಗಿ ಬಾರದು. ನನ್ನ ರುಚಿ ನಿಜವಾದದ್ದೇ? ಅಥವಾ ಎಲ್ಲರ ಅಂಗಳಕ್ಕೂ ಕಾಲಿಟ್ಟು ಯಾವ ಮನೆಯೊಳಗೂ ಹೋಗದವಳ ಚಪಲವೇ?

ಈ ಪತ್ರಕ್ಕೆ ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ತಂಗಿ,

ನಿನ್ನ ಗುರು ನಾನಲ್ಲ. ಆದರೆ ಅವರು ಆಡಿದ ಮಾತನ್ನು ನಾನೂ ಒಮ್ಮೆ ಆಡಿದ್ದೇನೆ. ಇಪ್ಪತ್ತು ವರ್ಷಗಳ ಹಿಂದೆ ನನ್ನ ಶಿಷ್ಯೆಯೊಬ್ಬಳು ವರ್ಣದ ಪಾಠದ ನಡುವೆ ಸಿನಿಮಾ ಹಾಡೊಂದನ್ನು ಗುನುಗಿದಳು. ನನಗೆ ಸಿಟ್ಟು ಬಂತು. ‘ನಿನಗೆ ಯಾವುದೂ ನಿಲ್ಲುವುದಿಲ್ಲ’ ಎಂದೆ. ಮುಂದಿನ ವಾರದಿಂದ ಅವಳು ಪಾಠಕ್ಕೆ ಬರಲಿಲ್ಲ. ಒಳ್ಳೆಯ ಕಂಠ ಅವಳದು. ನಿನ್ನ ಪತ್ರ ಓದಿದ ದಿನ ರಾತ್ರಿಯೆಲ್ಲ ಆ ಹುಡುಗಿಯ ಮುಖವೇ ಕಣ್ಣ ಮುಂದಿತ್ತು.

ಪಾಠ ಹೇಳುವವರು ಹೀಗೇಕೆ ಹೇಳುತ್ತಾರೆ ಎಂದು ನಿನಗೆ ಗೊತ್ತಾಗಬೇಕು. ಗಂಗೂಬಾಯಿ ಹಾನಗಲ್ ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ ತನ್ನ ಹಾಡಿನ ನೆರಳು ಅವಳ ಕಂಠದ ಮೇಲೆ ಬೀಳಬಾರದೆಂದು ಆ ತಾಯಿ ತನ್ನ ಹಾಡನ್ನೇ ನಿಲ್ಲಿಸಿದರಂತೆ. ಎಷ್ಟು ದೊಡ್ಡ ತ್ಯಾಗ ಅದು! ಹಾಡುವವರ ಗಂಟಲಿಗೆ ಅಂಥ ವ್ರತ ಬೇಕಾಗುತ್ತದೆ. ಸ್ವರವನ್ನು ತೂಗುವ ಗಮಕ ಎಲ್ಲಿ ಬರಬೇಕು, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಎಲ್ಲಿ ಬರಬೇಕು ಎಂಬುದು ಎಲುಬಿಗೆ ಇಳಿಯುವ ತನಕ ಬೇರೆಯದನ್ನು ಹತ್ತಿರ ಬಿಡಬಾರದೆಂದು ನಾವು ಕಾವಲು ಕಾಯುತ್ತೇವೆ. ಆದರೆ ನೀನು ಈಗ ಕೇಳುವವಳು. ಗಂಟಲಿನ ವ್ರತವನ್ನು ಕಿವಿಗೂ ಹೇರುವುದು ನಮ್ಮ ತಪ್ಪು. ಅದನ್ನು ಒಪ್ಪಿಕೊಳ್ಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಅಷ್ಟಕ್ಕೂ ಹಾಡುವವರೆಲ್ಲ ಒಂದೇ ಮನೆಯಲ್ಲಿ ಉಳಿದರೇ? ನೀನು ಒಲೆಯ ಮುಂದೆ ನಿಂತು ಕೇಳುವ ಮನ್ಸೂರರನ್ನೇ ನೋಡು. ಮೊದಲು ಅಪ್ಪಯ್ಯಸ್ವಾಮಿಗಳ ಬಳಿ ಕರ್ನಾಟಕ ಸಂಗೀತ, ಆಮೇಲೆ ಮಿರಜದ ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿ ಪರಂಪರೆಗಳಲ್ಲಿ ಒಂದಾದ ಗ್ವಾಲಿಯರ್ ಘರಾಣೆ, ಅನಂತರ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರಲ್ಲಿ ಜೈಪುರ ಘರಾಣೆ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಮೈಸೂರು ಆಸ್ಥಾನಕ್ಕೆ ಬಂದುಹೋಗುತ್ತಿದ್ದವರು. ತ್ಯಾಗರಾಜರ ಕೃತಿಯೊಂದನ್ನು ಕಲಿತು ಧ್ವನಿಮುದ್ರಿಕೆಯನ್ನೂ ಕೊಟ್ಟರು. ಇನ್ನೂ ಹಿಂದಕ್ಕೆ ಹೋಗು. ಮುತ್ತುಸ್ವಾಮಿ ದೀಕ್ಷಿತರು ಮದರಾಸಿನ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯವರ ಬ್ಯಾಂಡ್ ನುಡಿಸುತ್ತಿದ್ದ ಧಾಟಿಗಳನ್ನು ಕೇಳಿ, ಅವುಗಳಿಗೆ ಸಂಸ್ಕೃತದಲ್ಲಿ ಸಾಹಿತ್ಯ ಬರೆದರು. ನಾವು ಮಕ್ಕಳಿಗೆ ಕಲಿಸುವ ನೋಟ್ಟುಸ್ವರಗಳು ಅವೇ. ಅವುಗಳಲ್ಲಿ ಒಂದರ ಧಾಟಿ ಇಂಗ್ಲೆಂಡಿನ ರಾಷ್ಟ್ರಗೀತೆಯದು. ಕಮಲಾಂಬಾ ನವಾವರಣ ಕೃತಿಗಳನ್ನು ರಚಿಸಿದ ಮಹಾನುಭಾವರು ಅವರು. ಅವರ ತಮ್ಮ ಬಾಲುಸ್ವಾಮಿ ಆ ಬಿಳಿಯರ ಪಿಟೀಲನ್ನು ಕಲಿತು ನಮ್ಮ ಕಚೇರಿಗೆ ತಂದರು. ಇಂದು ಪಿಟೀಲಿಲ್ಲದ ಕಚೇರಿ ಉಂಟೇ?

ನಿನಗೆ ಒಂದು ಕೆಲಸ ಹೇಳುತ್ತೇನೆ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡು. ನಮ್ಮ ಕರ್ನಾಟಕ ಸಂಗೀತದ ಮೋಹನ ರಾಗವನ್ನು ಕೇಳಿ, ಹಿಂದೆಯೇ ಹಿಂದೂಸ್ತಾನಿಯವರ ಭೂಪಾಲಿಯನ್ನು ಕೇಳು. ನಮ್ಮ ಹಿಂದೋಳ, ಅವರ ಮಾಲ್‌ಕೌಂಸ್. ಆಮೇಲೆ ನಮ್ಮ ತೋಡಿ ಮತ್ತು ಅವರ ತೋಡಿ. ಮೊದಲ ಎರಡು ಜೋಡಿಗಳಲ್ಲಿ ಹೆಸರು ಬೇರೆ, ಸ್ವರ ಒಂದೇ. ಮೂರನೆಯದರಲ್ಲಿ ಹೆಸರು ಒಂದೇ, ಸ್ವರ ಬೇರೆ. ಅವರ ತೋಡಿಯ ಸ್ವರಗಳು ನಮ್ಮ ಶುಭಪಂತುವರಾಳಿಯವು, ನಮ್ಮ ತೋಡಿಯ ಸ್ವರಗಳು ಅವರ ಭೈರವಿಯಲ್ಲಿ ಸಿಗುತ್ತವೆ. ಇದನ್ನು ಕಿವಿಯಿಂದಲೇ ಗುರುತಿಸಿದರೆ ನಿನ್ನ ಏಳು ವರ್ಷದ ಸರಳೆ, ಜಂಟಿ, ಅಲಂಕಾರ ಎಲ್ಲಿಗೂ ಹೋಗಿಲ್ಲ ಎಂದು ತಿಳಿ. ವೇದಿಕೆ ಹತ್ತಿದರೆ ಮಾತ್ರ ವಿದ್ಯೆ ದಕ್ಕಿತು ಎನ್ನುವುದನ್ನು ನಾನು ಈಗ ಒಪ್ಪುವುದಿಲ್ಲ.

ನಿನ್ನ ಗುರುಗಳ ಮನೆಗೆ ಒಮ್ಮೆ ಹೋಗು. ವಾದ ಮಾಡಬೇಡ. ನೀನು ಹಾಡುವುದನ್ನು ಬಿಟ್ಟೆ ಎಂಬ ನೋವಿನಿಂದ ಅವರು ಹಾಗೆ ಹೇಳಿರುತ್ತಾರೆ, ನೀನು ರಾಕ್ ಕೇಳುತ್ತೀಯೆ ಎಂದಲ್ಲ. ಅವರ ಮುಂದೆ ಕುಳಿತು ಒಂದು ಗೀತೆ ಹಾಡು. ಶ್ರುತಿ ತಪ್ಪಿದರೂ ಪರವಾಗಿಲ್ಲ. ನನ್ನ ಆ ಶಿಷ್ಯೆ ಇವತ್ತು ಬಾಗಿಲಿಗೆ ಬಂದು ನಿಂತರೆ ನಾನು ಏನು ಮಾಡುತ್ತೇನೆ ಎಂದು ನನಗೆ ಗೊತ್ತಿದೆ.

ನಿವೃತ್ತ ಸಂಗೀತ ಶಿಕ್ಷಕಿ, ಮಡಿಕೇರಿ

ಸಹೋದರಿಗೆ ನಮಸ್ಕಾರ.

ನಾನು 28 ವರ್ಷ ಸೇನೆಯಲ್ಲಿದ್ದವನು. ಸಂಗೀತ ಕಲಿತವನಲ್ಲ. ಆದರೆ ಬ್ಯಾರಕ್ಕಿನಲ್ಲಿ ಬದುಕಿದವನ ಕಿವಿಯ ಮೇಲೆ ಬಿದ್ದಷ್ಟು ಬಗೆಯ ಹಾಡು ಇನ್ನಾರ ಕಿವಿಯ ಮೇಲೂ ಬಿದ್ದಿರಲಾರದು. ಪಕ್ಕದ ಮಂಚದಲ್ಲಿ ಗಢವಾಲಿನವನು, ಆಚೆ ಪಂಜಾಬಿನವನು, ಎದುರಿಗೆ ಮಧುರೆಯವನು. ರಜೆ ಸಿಗದ ದೀಪಾವಳಿಯಲ್ಲಿ ಒಬ್ಬೊಬ್ಬರೂ ತಮ್ಮ ಊರಿನ ಹಾಡು ಹಾಡುತ್ತಿದ್ದರು. ಅರ್ಥವಾಗದ ಭಾಷೆಯ ಹಾಡಿಗೆ ನಾನು ಅತ್ತಿದ್ದೇನೆ. ಆ ಅಳು ಸುಳ್ಳಾಗಿತ್ತೆಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಜನವರಿ 29ರ ಸಂಜೆ ದೆಹಲಿಯ ವಿಜಯ ಚೌಕದಲ್ಲಿ ನಡೆಯುವ ಸೇನಾ ಬ್ಯಾಂಡ್‌ಗಳ ಸಮಾರಂಭವಾದ ಬೀಟಿಂಗ್ ರಿಟ್ರೀಟ್ ಅನ್ನು ಒಮ್ಮೆ ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿತ್ತು. ಗಾಂಧೀಜಿಗೆ ಪ್ರಿಯವಾಗಿದ್ದ ಕ್ರೈಸ್ತ ಪ್ರಾರ್ಥನಾಗೀತೆಯೊಂದನ್ನು ಆಗ ಕೊನೆಯ ಹೊತ್ತಿಗೆ ನುಡಿಸುತ್ತಿದ್ದರು. 2022ರಿಂದ ಅದು ಕಾರ್ಯಕ್ರಮದಲ್ಲಿ ಇಲ್ಲ. ಸೂರ್ಯ ಮುಳುಗುತ್ತಿದ್ದ. ಆ ಧಾಟಿ ಎದ್ದಾಗ ನನ್ನ ಕಣ್ಣಿಗೆ ಬಂದದ್ದು ನಮ್ಮ ಮನೆಯ ಕೆಳಗಿನ ಗದ್ದೆಬಯಲು. ಏಕೆ ಎಂದು ಕೇಳಿದರೆ ಹೇಳಲಾರೆ.

ಹಾಗೆಂದು ಊರಿನದು ಮರೆತುಹೋಯಿತೇ? ಇಲ್ಲ. ನನ್ನ ಅಣ್ಣ ತೀರಿಕೊಂಡಾಗ ಎರಡು ಗುಂಡು ಹಾರಿಸಿ ಊರಿಗೆ ತಿಳಿಸಿದೆವು. ವಾಲಗದವರು ಬಂದರು. ನಮ್ಮಲ್ಲಿ ಮದುವೆಗೆ ಬಾರಿಸುವವರೇ ಸಾವಿಗೂ ಬಾರಿಸುತ್ತಾರೆ. ವಾದ್ಯ ಅದೇ, ಬಾರಿಸುವ ಬಗೆ ಬೇರೆ. ಕೊಟ್ಟು ಎಂಬ ಅದೇ ಚರ್ಮವಾದ್ಯ ಅಣ್ಣನ ಮದುವೆಯಲ್ಲಿ ನಮ್ಮನ್ನು ರಾತ್ರಿಯೆಲ್ಲ ಕುಣಿಸಿತ್ತು. ಅಂದು ಅದರ ಒಂದೊಂದು ಪೆಟ್ಟೂ ಎದೆಯ ಮೇಲೆ ಬಿತ್ತು. ನಾಡೆಲ್ಲ ಸುತ್ತಿ ನೂರು ಬಗೆಯ ವಾದ್ಯ ಕೇಳಿದ್ದರಿಂದ ಆ ವಾಲಗ ನನಗೆ ಒಂದಿಷ್ಟೂ ಕಡಿಮೆಯಾಗಿ ಕೇಳಿಸಲಿಲ್ಲ. ನೀವು ಬೆಂಗಳೂರಿನಲ್ಲಿ ಕೂಗಿದ್ದಕ್ಕೂ ಮದುವೆ ಮನೆಯಲ್ಲಿ ಕುಣಿದದ್ದಕ್ಕೂ ನಾಚಬೇಡಿ.

ನಿವೃತ್ತ ಸುಬೇದಾರ್, ಗೋಣಿಕೊಪ್ಪಲು

ಅಕ್ಕ,

ನಾನು ಗಿಟಾರ್ ಕಲಿಸುವವನು, ವಯಸ್ಸು 27. ನಿಮ್ಮ ಪತ್ರದಲ್ಲಿ ಐರನ್ ಮೇಡನ್ ಹೆಸರು ನೋಡಿ ಕುಣಿದಾಡಿಬಿಟ್ಟೆ. ಆ ಕಾರ್ಯಕ್ರಮ ನಡೆದಾಗ ನಾನು ಚಿಕ್ಕವನು. ಅಲ್ಲಿದ್ದವರನ್ನು ಕಂಡರೆ ಇಂದಿಗೂ ಹೊಟ್ಟೆಕಿಚ್ಚಾಗುತ್ತದೆ.

ರಾಕ್ ಒಂದು ಲೋಕ, ಕರ್ನಾಟಕ ಸಂಗೀತ ಇನ್ನೊಂದು ಲೋಕ ಎಂದು ನೀವು ತಿಳಿದಂತಿದೆ. ನನ್ನ ಬಳಿ ಬರುವ ಮಕ್ಕಳಿಗೆ ರಾಕ್ ಗಿಟಾರಿನ ಸೋಲೋ ನುಡಿಸಲು ಮೊದಲು ಕಲಿಸುವುದು ಐದು ಸ್ವರಗಳ ಮೈನರ್ ಪೆಂಟಟಾನಿಕ್ ಸ್ಕೇಲ್. ನಮ್ಮ ಪಕ್ಕದ ಮನೆಯ ಪಿಟೀಲು ವಿದ್ವಾಂಸರು ಒಂದು ದಿನ ಅದನ್ನು ಕೇಳಿ, ‘ಇದು ನಮ್ಮ ಶುದ್ಧ ಧನ್ಯಾಸಿಯಲ್ಲವೇ’ ಎಂದರು. ಸ, ಗ, ಮ, ಪ, ನಿ. ಗಾಂಧಾರ ಸಾಧಾರಣ, ನಿಷಾದ ಕೈಶಿಕಿ. ಹೌದು, ಅದೇ! ಹೆವಿ ಮೆಟಲ್‌ನವರು ಬಹಳವಾಗಿ ಬಳಸುವ ನ್ಯಾಚುರಲ್ ಮೈನರ್ ನಮ್ಮ 20ನೆಯ ಮೇಳಕರ್ತ, ಅಂದರೆ ಮೂಲರಾಗ, ನಠಭೈರವಿ. ಮಿಲಿಟರಿ ಬ್ಯಾಗ್‌ಪೈಪ್‌ನ ಸ್ವರಗಳನ್ನು ಜೋಡಿಸಿ ನೋಡಿದರೆ ಹರಿಕಾಂಭೋಜಿಯ ಹತ್ತಿರ ಬರುತ್ತದೆ. ಅದರಲ್ಲಿ ಹಿಂದೆ ಒಂದೇ ಸಮನೆ ನಿಂತು ಮೊರೆಯುವ ದನಿಯಿದೆಯಲ್ಲ, ಅದು ಅವರ ತಂಬೂರಿ.

ಸ್ವರ ಒಂದೇ ಎಂದ ಮಾತ್ರಕ್ಕೆ ಎರಡೂ ಒಂದೇ ಎನ್ನುತ್ತಿಲ್ಲ. ಆ ಐದು ಸ್ವರಗಳನ್ನು ವಿದ್ವಾಂಸರು ಗಮಕದಲ್ಲಿ ತೂಗುತ್ತಾರೆ, ನಾನು ತಂತಿಯನ್ನು ಬೆರಳಿನಿಂದ ಎಳೆದು ಬಾಗಿಸುತ್ತೇನೆ. ಹುಟ್ಟುವ ಭಾವ ಬೇರೆ. ಆದರೆ ಹದಿನೈದರ ತನಕ ನಠಭೈರವಿಯಿಂದ ಹುಟ್ಟಿದ ಜನ್ಯರಾಗಗಳನ್ನು ಕೇಳಿ ಬೆಳೆದ ಕಿವಿ ಇಪ್ಪತ್ತಕ್ಕೆ ಮೆಟಲ್ ಕೇಳಿ ಹುಚ್ಚಾದರೆ ಅದರಲ್ಲಿ ಆಶ್ಚರ್ಯವೇನು? ಗುರುತಿನವರ ದನಿ ಕೇಳಿ ತಿರುಗಿ ನೋಡುವ ಹಾಗೆ ನೀವು ತಿರುಗಿ ನೋಡಿದ್ದೀರಿ.

ನಮ್ಮೂರಿಂದ ಬೈಲಕುಪ್ಪೆ ಹತ್ತಿರ. ಅಲ್ಲಿನ ಟಿಬೆಟನ್ ಮಠದಲ್ಲಿ ಪೂಜೆಯ ಹೊತ್ತಿಗೆ ಊದುವ ಉದ್ದನೆಯ ಕಹಳೆಗಳನ್ನು ಮಗಳಿಗೆ ಒಮ್ಮೆ ಕೇಳಿಸಿ. ಆ ದನಿ ಕಿವಿಗಿಂತ ಮೊದಲು ಹೊಟ್ಟೆಗೆ ತಾಗುತ್ತದೆ. ಪುಟ್ಟ ಬೇಸ್ ಗಿಟಾರ್ ಹಿಡಿದು ಅಲ್ಲಿಗೆ ಹೋಗಿ ಕುಳಿತದ್ದುಂಟು ನಾನು, ಆ ಆಳದ ಸ್ವರ ಸಿಗುತ್ತದೆಯೇ ಎಂದು ಹುಡುಕಲು. ಇನ್ನೂ ಸಿಕ್ಕಿಲ್ಲ.

ಗಿಟಾರ್ ಶಿಕ್ಷಕ, ಕುಶಾಲನಗರ

ಮಾನ್ಯರೇ,

ಗುರುಗಳ ಪರವಾಗಿ ಒಂದು ಮಾತು ಹೇಳಬೇಕೆನಿಸಿತು. ನೋಯಿಸುವ ಉದ್ದೇಶವಿಲ್ಲ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅಡುಗೆ ಮಾಡುವಾಗ ವಚನ, ಕಾಫಿ ಹರಡುವಾಗ ತಮಿಳು ಹಾಡು, ಮಲಗುವ ಮುನ್ನ ಗಜಲ್. ಬೆಂಗಳೂರಿನ ಆ ಒಂದು ಸಂಜೆಯನ್ನು ಬಿಟ್ಟರೆ, ಹಾಡು ಕೇಳಬೇಕೆಂದೇ ನೀವು ಕುಳಿತ ಹೊತ್ತು ಆ ಪತ್ರದಲ್ಲಿ ಎಲ್ಲೂ ಇಲ್ಲ. ಗುರುಗಳಿಗೆ ಕಂಡ ಕೊರತೆ ಅದೇ ಇರಬಹುದೇ?

ನನ್ನ ಕಥೆಯೂ ನಿಮ್ಮದರ ಹಾಗೆಯೇ ಇತ್ತು. ಮೊಬೈಲಿನಲ್ಲಿ ಮೂರು ಸಾವಿರ ಹಾಡು. ಒಂದು ನಿಮಿಷ ಇದು, ಅರ್ಧ ನಿಮಿಷ ಅದು. ಕೆಲವು ವರ್ಷಗಳ ಹಿಂದೆ ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ ಮರ ಬಿದ್ದು ನಮ್ಮ ಕಡೆ ಐದು ದಿನ ಕರೆಂಟು ಹೋಯಿತು. ಮೊಬೈಲು ಸತ್ತಿತು. ಅಟ್ಟದಲ್ಲಿದ್ದ ಹಳೆಯ ಟೇಪ್ ರೆಕಾರ್ಡರಿಗೆ ಸೆಲ್ ಹಾಕಿದೆ. ಇದ್ದದ್ದು ಒಂದೇ ಕ್ಯಾಸೆಟ್, ಭೀಮಸೇನ ಜೋಶಿಯವರದು. ಒಂದು ಬದಿಯ ತುಂಬ ಮಿಯಾ ಮಲ್ಹಾರ ರಾಗ. ಮೊದಲ ದಿನ ಅರ್ಧಕ್ಕೆ ಎದ್ದುಹೋದೆ. ಎರಡನೆಯ ದಿನ ಪೂರ್ತಿ ಕೇಳಿದೆ, ಆದರೆ ಮನಸ್ಸು ಕೊಚ್ಚಿಹೋಗಲಿದ್ದ ನಾಟಿಯ ಮೇಲಿತ್ತು. ಮೂರನೆಯ ರಾತ್ರಿ ಹಂಚಿನ ಮೇಲೆ ಮಳೆ ಸುರಿಯುತ್ತಿದ್ದಾಗ, ‘ನಿ’ ಸ್ವರದ ಎರಡು ರೂಪಗಳಾದ ಎರಡು ನಿಷಾದಗಳು ಒಂದರ ಪಕ್ಕ ಒಂದು ಬಂದು ಮೋಡ ಮೋಡಕ್ಕೆ ತಾಗಿದ ಹಾಗೆ ಆಗುವುದು ಕೇಳಿಸಿತು. ಅದು ಮೊದಲ ದಿನವೂ ಆ ಕ್ಯಾಸೆಟ್‌ನಲ್ಲಿತ್ತು. ನಾನು ಇರಲಿಲ್ಲ.

ಆ ಐದು ದಿನ ನನಗೆ ಕೊಟ್ಟದ್ದನ್ನು ಮೂರು ಸಾವಿರ ಹಾಡು ಕೊಟ್ಟಿರಲಿಲ್ಲ. ಹಾಗಾಗಿ ಈಗ ವರ್ಷಕ್ಕೆ ಒಂದು ಮಳೆಗಾಲವನ್ನು ಒಂದೇ ರಾಗಕ್ಕೆ ಬಿಟ್ಟುಕೊಡುತ್ತೇನೆ. ಉಳಿದ ತಿಂಗಳು ಏನು ಬೇಕಾದರೂ ಕೇಳುತ್ತೇನೆ. ನೀವು ಯಾವುದನ್ನೂ ಬಿಡಬೇಕಿಲ್ಲ. ಆದರೆ ಯಾವುದಾದರೂ ಒಂದಕ್ಕೆ, ಕೈಯಲ್ಲಿ ಕೆಲಸವಿಲ್ಲದೆ, ನಲವತ್ತು ನಿಮಿಷ ಕೊಟ್ಟು ನೋಡಿ. ಆಮೇಲೆ ಗುರುಗಳ ಮಾತು ಸರಿಯೋ ತಪ್ಪೋ ನೀವೇ ತೀರ್ಮಾನಿಸಿ.

ಕಾಲೇಜು ಉಪನ್ಯಾಸಕ, ವಿರಾಜಪೇಟೆ

ಅಕ್ಕ, ನಾನು ಹೆಚ್ಚು ಬರೆಯುವವಳಲ್ಲ. ಅಡುಗೆ ಮಾಡುತ್ತ ಹಾಡು ಕೇಳುತ್ತೇನೆ ಎಂದು ನೀವು ಬರೆದದ್ದು ನನಗೆ ಇಷ್ಟವಾಯಿತು. ನಮ್ಮ ಅತ್ತೆಗೆ ನೂರಾರು ಪದ ಬರುತ್ತದೆ. ಬೀಸುವಾಗಿನದು, ನಾಟಿಯದು, ಹೆಣ್ಣಿಗೆ ಎಣ್ಣೆ ಹಚ್ಚುವಾಗಿನ ಶೋಭಾನೆ. ಸುಮ್ಮನೆ ಕುಳ್ಳಿರಿಸಿ ಹಾಡಿ ಎಂದರೆ ಒಂದೂ ನೆನಪಾಗುವುದಿಲ್ಲ. ಕೈಗೆ ಕೆಲಸ ಕೊಟ್ಟರೆ ತಾನಾಗಿ ಬರುತ್ತದೆ. ಹೆಂಗಸರ ಸಂಗೀತವೆಲ್ಲ ಕೆಲಸದ ಜೊತೆಗೇ ಹುಟ್ಟಿದ್ದು. ಅದನ್ನು ಅರ್ಧ ಕೇಳುವುದು ಎಂದು ಯಾರೂ ಹೇಳದಿರಲಿ. ಮಗಳ ಪ್ರಶ್ನೆಗೆ ನಾನಾಗಿದ್ದರೆ, ‘ಈ ಹೊತ್ತಿಗೆ ಇದು’ ಎಂದು ಒಂದನ್ನು ಹೇಳಿಬಿಡುತ್ತಿದ್ದೆ. ನಾಳೆ ಕೇಳಿದರೆ ನಾಳೆಯದು.

ಗೃಹಿಣಿ, ಶನಿವಾರಸಂತೆ

ಅಮ್ಮಾ,

ಲೈನ್ ಮನೆಗಳ ಕಡೆಯಿಂದ ತಮಿಳು ಹಾಡು ತೇಲಿ ಬರುತ್ತದೆ ಎಂದು ಬರೆದಿದ್ದೀರಿ. ನಾನು ಹುಟ್ಟಿ ಬೆಳೆದದ್ದು ಅಂಥ ಲೈನ್ ಮನೆಯಲ್ಲಿ. ಈಗ ಅದೇ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೇನೆ.

ಅಪ್ಪ ಬೋನಸ್ ಹಣದಲ್ಲಿ ಮೊದಲು ತಂದದ್ದು ಟೇಪ್ ರೆಕಾರ್ಡರ್. ಭಾನುವಾರ ಸಂತೆ ಮುಗಿಸಿ ಬಂದ ಮೇಲೆ ಬಾಗಿಲಲ್ಲಿಟ್ಟು ದೊಡ್ಡದಾಗಿ ಹಾಕುತ್ತಿದ್ದರು. ಸಾಲಿನಲ್ಲಿದ್ದ ಮನೆಯವರೆಲ್ಲ ಕೇಳಲಿ ಎಂದು. ಹೆಚ್ಚಾಗಿ ಇಳಯರಾಜ. ಅವರು 1976ರಲ್ಲಿ ಸ್ವಂತವಾಗಿ ಸಂಗೀತ ನಿರ್ದೇಶಕರಾಗುವ ಮೊದಲು ನಮ್ಮ ಕನ್ನಡದ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದರೆಂದು ದೊಡ್ಡವನಾದ ಮೇಲೆ ತಿಳಿಯಿತು. ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ತಮಿಳು ಎಂದು ಎರಡಾಗಿದ್ದ ನನಗೆ ಅದನ್ನು ತಿಳಿದು ಆದ ಸಂತೋಷ ಹೇಳತೀರದು. ಹಳ್ಳಿಯ ತಪ್ಪಟೆ, ಪಿಟೀಲುಗಳ ದೊಡ್ಡ ಮೇಳ, ಗಿಟಾರ್ ಎಲ್ಲವನ್ನೂ ಒಂದೇ ಹಾಡಿನಲ್ಲಿ ಕೂಡಿಸಿದವರು ಅವರು. ಅವರ ಹಾಡು ಕೇಳುವವರು ಗೊತ್ತಿಲ್ಲದೆಯೇ ಹತ್ತು ಬಗೆಯ ಸಂಗೀತ ಕೇಳುತ್ತಿರುತ್ತಾರೆ.

ಒಂದು ಕೋರಿಕೆ ಇದೆ. ನೀವು ದೂರದಿಂದ ಕಿವಿಗೊಡುತ್ತೀರಿ. ಒಮ್ಮೆ ಹತ್ತಿರ ಬನ್ನಿ. ತಮಿಳು ಹಾಡಿನ ಸದ್ದು ನಿಂತ ಮೇಲೆ, ರಾತ್ರಿ ಇನ್ನೂ ಆಚೆ, ಬುಡಕಟ್ಟಿನವರಾದ ಯರವರ ಮನೆಗಳ ಕಡೆ ತುಡಿ ಎಂಬ ಚರ್ಮವಾದ್ಯದ ಸದ್ದು ಏಳುತ್ತದೆ. ಅವರ ಹಾಡು ನನಗೆ ಯಾವ ಮೊಬೈಲಿನಲ್ಲೂ ಸಿಕ್ಕಿಲ್ಲ. ನಮ್ಮ ತೋಟದಲ್ಲಿ ಅದನ್ನು ಪೂರ್ತಿಯಾಗಿ ಬಲ್ಲ ಹಿರಿಯರು ಈಗ ಇಬ್ಬರೇ ಉಳಿದಿದ್ದಾರೆ. ಇಷ್ಟು ಬಗೆಯ ಹಾಡಿಗೆ ಜಾಗವಿರುವ ನಿಮ್ಮಂಥವರ ಕಿವಿಯೇ ಅವರಿಗೆ ಬೇಕಾಗಿರುವುದು. ಒಂದನ್ನೇ ಹಿಡಿದು ಕುಳಿತವರು ಅಲ್ಲಿಗೆ ಬರುವುದಿಲ್ಲ.

ತೋಟದ ರೈಟರ್, ಸಿದ್ದಾಪುರ

ಸೋದರಿ,

ನಾನು ಪೊನ್ನಂಪೇಟೆಯವಳು, ಈಗ ಮೈಸೂರಿನಲ್ಲಿ ಗ್ರಂಥಪಾಲಕಿ. ನಿಮ್ಮಂಥ ಕಿವಿ ಇದ್ದವರೊಬ್ಬರು ಈ ಊರಿನ ಅರಮನೆಯಲ್ಲೇ ಇದ್ದರು. ಜಯಚಾಮರಾಜ ಒಡೆಯರ್ ಎಳೆಯ ವಯಸ್ಸಿನಲ್ಲಿ ಮನಸ್ಸು ಕೊಟ್ಟದ್ದು ಪಿಯಾನೋಗೆ; ರಷ್ಯಾದ ರಾಖ್ಮನಿನೋಫ್ ಅವರ ಬಳಿ ಕಲಿಯಬೇಕೆಂಬ ಆಸೆ ಇತ್ತು, ಪಟ್ಟ ಬಂದು ಅದು ಕೈಗೂಡಲಿಲ್ಲ. ಅದೇ ಮಹಾರಾಜರು ಮುಂದೆ ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಹೆಚ್ಚು ಜನ ಮರೆತಿದ್ದ ಮೆಟ್ನರ್ ಎಂಬ ರಷ್ಯನ್ ಸಂಯೋಜಕರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. 1950ರಲ್ಲಿ ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರೌಸ್ ಅವರ ಕೊನೆಯ ಹಾಡುಗಳ ಮೊದಲ ಪ್ರದರ್ಶನ ನಡೆದದ್ದೂ ಇವರ ನೆರವಿನಿಂದ. ಅದೇ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ದನಿ ಕೇಳಿ ಮನಸೋತ ನಾದಸ್ವರದ ಮನೆತನದ ಹುಡುಗ, ಘಟ್ಟದ ಕೆಳಗಿನ ಸಜಿಪದ ಕದ್ರಿ ಗೋಪಾಲನಾಥ್, ಆ ಲೋಹದ ವಾದ್ಯವನ್ನು ರಾಗಕ್ಕೆ ಒಗ್ಗಿಸಿ 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಸಂಗೀತ ಉತ್ಸವದಲ್ಲಿ ನುಡಿಸಿದರು. ಇವರ ರುಚಿಯನ್ನು ಚಪಲ ಎನ್ನಲು ನನಗೆ ಬಾಯಿ ಬಾರದು. ನಿಮ್ಮದನ್ನೂ ಎನ್ನಲಾರೆ.

ಗ್ರಂಥಪಾಲಕಿ, ಮೈಸೂರು

ಮಗಳೇ,

ನನಗೆ 74 ವರ್ಷ. ಕೈ ನಡುಗುತ್ತದೆ, ಮೊಮ್ಮಗನಿಂದ ಬರೆಸುತ್ತಿದ್ದೇನೆ. ನಿನ್ನ ಪತ್ರದ ಕೊನೆಯ ಮಾತಿಗೆ ಮಾತ್ರ ನಾನು ಉತ್ತರ ಕೊಡಬಲ್ಲೆ. ಉಳಿದದ್ದಕ್ಕೆ ತಿಳಿದವರು ಬರೆದಾರು.

ಅಪ್ಪನ ಹಾಡಿನ ನಾಲ್ಕು ಸಾಲೂ ಪೂರ್ತಿ ಬಾರದು ಎಂದು ಬರೆದಿದ್ದೀಯೆ. ದುಡಿ ಹಿಡಿದು ಹಾಡುವುದು ಒಬ್ಬರ ಹಾಡಲ್ಲ. ನಾಲ್ವರು ಬೇಕು. ಇಬ್ಬರು ಒಂದು ಸಾಲು ಹೇಳಿದರೆ ಇನ್ನಿಬ್ಬರು ಅದನ್ನು ಮರಳಿ ಹೇಳುತ್ತಾರೆ. ಆ ಹೊತ್ತಿನಲ್ಲಿ ಮೊದಲಿನ ಇಬ್ಬರಿಗೆ ಮುಂದಿನ ಸಾಲು ನೆನಪಾಗುತ್ತದೆ. ನೀನು ಒಬ್ಬಳೇ ಕುಳಿತು ನೆನಪಿಸಿಕೊಳ್ಳಲು ಹೋದರೆ ಹೇಗೆ ಬಂದೀತು? ಅಷ್ಟು ವರ್ಷ ಹಾಡಿದ ನನಗೇ ಒಬ್ಬನೇ ಇರುವಾಗ ಬರುವುದಿಲ್ಲ. ಜೊತೆಗೆ ಹಾಡುತ್ತಿದ್ದವರಲ್ಲಿ ಇಬ್ಬರು ಹೋಗಿಬಿಟ್ಟರು. ಎದುರಿನ ದನಿ ನಿಂತಾಗ ನಮ್ಮ ಸಾಲೂ ಅರ್ಧಕ್ಕೆ ನಿಲ್ಲುತ್ತದೆ. ನಿನಗೆ ಬಾರದಿರುವುದಕ್ಕೆ ಕಾರಣ ನೀನು ಕೇಳಿದ ಬೇರೆ ಹಾಡುಗಳಲ್ಲ. ಎದುರಿಗೆ ಹೇಳುವವರು ಇಲ್ಲದಿರುವುದು.

ಈ ಹಾಡುಗಳು ಬರೆದಿಟ್ಟು ಉಳಿದವೂ ಹೌದು. ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಇಲಾಖೆಯಲ್ಲಿದ್ದವರು. ಊರೂರಿನ ಹಿರಿಯರಿಂದ ಕೇಳಿ ಬರೆದುಕೊಂಡು 1924ರಲ್ಲಿ ಪಟ್ಟೋಲೆ ಪಳಮೆಯನ್ನು ಅಚ್ಚು ಹಾಕಿಸಿದರು. ಮದುವೆಯ ಹಾಡು, ಸಾವಿನ ಹಾಡು, ಹಬ್ಬದ ಹಾಡು, ಗಾದೆ ಎಲ್ಲ ಅದರಲ್ಲಿವೆ. ಅವರು ಅಂದು ಕಿವಿಗೊಡದೆ ಹೋಗಿದ್ದರೆ ಇಂದು ನಮ್ಮಲ್ಲಿ ಎಷ್ಟು ಉಳಿಯುತ್ತಿತ್ತೋ! ಆ ಪುಸ್ತಕ ತರಿಸಿಕೋ. ಆದರೆ ಪುಸ್ತಕದಲ್ಲಿ ಮಾತು ಮಾತ್ರ ಇದೆ. ದುಡಿಯ ಪೆಟ್ಟು ಎಲ್ಲಿ ಬೀಳಬೇಕು, ‘ಬಾಳೋ’ ಎಂಬುದನ್ನು ಎಷ್ಟು ಎಳೆಯಬೇಕು ಎಂಬುದು ಅಕ್ಷರದಲ್ಲಿ ಸಿಗದು.

ನಿನ್ನ ಅಪ್ಪ ಯಾರೆಂದು ನನಗೆ ಗೊತ್ತಿಲ್ಲ. ನಾಪೋಕ್ಲು ಕಡೆಯವರಾದರೆ ಊರವರು ಹಾಡಿ ಕುಣಿಯಲು ಸೇರುವ ಯಾವುದಾದರೂ ಮಂದ್‌ನಲ್ಲಿ ನಾನು ಅವರ ಎದುರಿಗೆ ನಿಂತು ಹಾಡಿರಲೂಬಹುದು. ಸುಗ್ಗಿಯ ಹಬ್ಬವಾದ ಪುತ್ತರಿಯ ಸಮಯದಲ್ಲಿ ದುಡಿ ಹಿಡಿದು ಮನೆ ಮನೆಗೆ ಹೋಗುತ್ತಿದ್ದ ಕಾಲದಲ್ಲಿ ನಾವು ಬಹಳ ಊರು ಸುತ್ತಿದ್ದೇವೆ.

ಈ ವರ್ಷ ಪುತ್ತರಿಗೆ ಒಂದು ತಿಂಗಳು ಮೊದಲೇ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಾ. ಪತ್ರಿಕೆಯವರ ಬಳಿ ನನ್ನ ವಿಳಾಸವಿದೆ. ನಿನಗೆ ನೆನಪಿರುವ ಆ ಅರ್ಧ ಸಾಲನ್ನು ಹೇಳು, ಉಳಿದರ್ಧವನ್ನು ನಾನು ಹೇಳುತ್ತೇನೆ. ಮೊಮ್ಮಗನೂ ಇದ್ದಾನೆ, ನಿನ್ನ ಮಗಳೂ ಸೇರಿದರೆ ನಾಲ್ವರಾಗುತ್ತೇವೆ. ಮನೆಯಲ್ಲಿ ಎರಡು ದುಡಿ ಇವೆ. ಒಂದರ ಚರ್ಮ ಈ ಮಳೆಗೆ ಸಡಿಲವಾಗಿದೆ. ಒಲೆಯ ಹತ್ತಿರ ಸ್ವಲ್ಪ ಹೊತ್ತು ಇಟ್ಟರೆ ಸರಿಹೋಗುತ್ತದೆ.

ಕೃಷಿಕ, ಭಾಗಮಂಡಲ